ಒಂದೇ ಕೋಟಿನಲ್ಲಿ ಅತ್ತೆ ಸೊಸೆ

"ಈ ಮಳೆಗಾಲ ನನ್ನ ಮೈಮೇಲೆ ಒಂದೇ ಒಂದು ಹನಿ ಬೀಳೋದಕ್ಕೆ ಬಿಟ್ಟರೆ ನನ್ನನ್ನ ಜಿಪ್ಪಮ್ಮ ಅಂತ ಯಾರೂ ಕರೀಬೇಡಿ!"

ಊಟದ ಮೇಜು ಕುಟ್ಟಿ ಹೀಗೆ ಶಪಥ ಮಾಡಿದೆ ನೋಡಿ, ಕುಟ್ಟಿದ ರಭಸಕ್ಕೆ ಚೊಂಬು ಉರುಳಿ ಅಷ್ಟೂ ನೀರು ನನ್ನ ಮಡಿಲಿಗೇ ಬಂತು.

"ಶುರುವಾಯ್ತು ಮಳೆಗಾಲ," ಅಂದ ನನ್ನ ಮಗ.

ಅವನ ಮಾತು ಬಿಡಿ. ಜಿಪ್ಪಮ್ಮ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಾನೇ ದುಡಿದು ಸಂಪಾದಿಸಿದ್ದು. ಪೇಟೆಯ ಲಾಂಡ್ರಿಯೊಂದರ ಮೂಲೆಯಲ್ಲಿ ನನ್ನದೊಂದು ಹೊಲಿಗೆ ಮಿಷನ್ನು ಇದೆ. ಒಗೆಯೋದಕ್ಕೆ ಬಂದ ಬಟ್ಟೆಗಳ ಕಿತ್ತ ಗುಂಡಿ, ಕೆಟ್ಟ ಜಿಪ್ಪು ಎಲ್ಲ ನನ್ನ ಪಾಲು. ಹಲ್ಲು ಉದುರಿದ್ದಾಗಲಿ, ಬಾಯಿ ಬಿಡದ್ದಾಗಲಿ, ಬಿಟ್ಟ ಬಾಯಿ ಮುಚ್ಚದ್ದಾಗಲಿ, ನನ್ನ ಕೈಗೆ ಬಂದ ಮೇಲೆ ಬುದ್ಧಿ ಕಲಿಯದ ಜಿಪ್ಪು ಇನ್ನೂ ಈ ಭೂಮಿ ಮೇಲೆ ಹುಟ್ಟಿಲ್ಲ! ನಮ್ಮ ಯಜಮಾನರು ಬದುಕಿದ್ದಾಗ ಹೇಳೋರು, "ನೀನು ಹೊಲಿದದ್ದು ಹರಿಯಲ್ಲ, ನೀನು ಹಿಡಿದದ್ದು ಬಿಡಲ್ಲ," ಅಂತ. ಮೊದಲರ್ಧ ಹೊಗಳಿಕೆ, ಎರಡನೇದು ಬೈಗುಳ ಅಂತ ನನಗೆ ಅರ್ಥವಾಗೋ ಹೊತ್ತಿಗೆ ಪುಣ್ಯಾತ್ಮರು ಹೊರಟುಹೋಗಿದ್ದರು.

ಲಾಂಡ್ರಿಗೆ ನಾನು ಹೋಗೋದು ಸೊಸೆಯ ಬೈಕಿನಲ್ಲಿ. ಸ್ಕೂಟರ್ರಲ್ಲ, ಬೈಕು! ಗುಡುಗುಡು ಅಂದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲಬೇಕು, ಅಂಥದ್ದು. ಸೊಸೆ ಲಿಫ್ಟ್ ರಿಪೇರಿ ಮಾಡೋಳು. ಅಲ್ಲಲ್ಲಿ ಕಟ್ಟಡಗಳಲ್ಲಿ ಲಿಫ್ಟು ಕೈಕೊಟ್ಟರೆ ಇವಳಿಗೇ ಫೋನು. ಬೆಳಗ್ಗೆ ನಾನು ಗೇಟಿನ ಪಕ್ಕದ ಕಟ್ಟೆ ಹತ್ತಿ, ಅಲ್ಲಿಂದ ಹಿಂದಿನ ಸೀಟಿಗೆ ಜಾರಿ, ಆಚೆಗೊಂದು ಕಾಲು ಈಚೆಗೊಂದು ಕಾಲು ಹಾಕಿ ಕೂತೆನೆಂದರೆ ಮಹಾರಾಣಿಗೂ ಅಷ್ಟು ಎತ್ತರದ ಸಿಂಹಾಸನ ಇರಲಿಲ್ಲ!

ಆ ಸಿಂಹಾಸನಕ್ಕೇ ಈಗ ಸಂಚಕಾರ ಬಂದಿತ್ತು. ಮೊದಲ ಮಳೆಗೇ ನೆನೆದು ನಾನು ಕೆಮ್ಮು ಹಚ್ಚಿಕೊಂಡೆ. ಡಾಕ್ಟರು ನನ್ನನ್ನು ಬಿಟ್ಟು ಮಗನನ್ನು ಬೈದರು. ಮಗ ಮನೆಗೆ ಬಂದು ತೀರ್ಪು ಕೊಟ್ಟ.

"ಸಾಕಮ್ಮ. ಮಳೆ ಮುಗಿಯೋವರೆಗೂ ಬೈಕು ಬೇಡ. ಹೋಗಲೇಬೇಕು ಅಂದ್ರೆ ಬಸ್ಸಲ್ಲಿ ಹೋಗು."

ಬಸ್ಸು! ನಡುದಾರಿಯಲ್ಲಿ ಇಳಿದು ಇನ್ನೊಂದು ಹತ್ತಬೇಕು. ನನ್ನ ಮಂಡಿಗಳು ಬಸ್ಸಿನ ಮೆಟ್ಟಿಲು ಕಂಡರೆ ಅಲ್ಲೇ ಮುಷ್ಕರ ಹೂಡುತ್ತವೆ. ಬೈಕು ಬಿಡು ಅಂದರೆ ಕೆಲಸ ಬಿಡು ಅಂದಂತೆ. ಕೆಲಸ ಬಿಟ್ಟು ಮನೆಯಲ್ಲಿ ಕೂತು ಏನು ಮಾಡಲಿ? ನಮ್ಮ ಮನೆ ದಿಂಬುಗಳ ಜಿಪ್ಪೆಲ್ಲ ಸರಿಯಾಗೇ ಇವೆ!

"ಮಳೆಕೋಟು ಹಾಕ್ಕೊಂಡು ಹೋಗ್ತೀನಿ ಕಣೋ!"

"ಯಾವ ಕೋಟು ಹಾಕಿದ್ರೂ ಹಿಂದೆ ಕೂತವರು ನೆನೀತಾರಮ್ಮ."

ಆಗ ಸೊಸೆ ನಡುವೆ ಬಂದಳು. ಒಲೆ ಪಕ್ಕದಲ್ಲಿದ್ದ ಬೆಂಕಿಪೊಟ್ಟಣ ತಂದು ನನ್ನ ಮುಂದಿಟ್ಟಳು.

"ಅತ್ತೆ, ನೀವೇ ಒಂದು ಕೋಟು ಆರಿಸಿ. ಅದನ್ನ ಹಾಕ್ಕೊಂಡು, ಈ ಪೊಟ್ಟಣ ಸೊಂಟಕ್ಕೆ ಸಿಗಿಸ್ಕೊಂಡು ಮಳೇಲಿ ನನ್ನ ಜೊತೆ ಬನ್ನಿ. ಲಾಂಡ್ರಿ ಮುಟ್ಟಿದ ಮೇಲೆ ಕಡ್ಡಿ ಗೀರಿ. ಹೊತ್ತಿಕೊಂಡ್ರೆ ಸೀಟು ನಿಮ್ಮದು. ಹೊತ್ತದಿದ್ರೆ ನಿಮ್ಮ ಮಗ ಹೇಳಿದ ಹಾಗೆ."

ಆಗ ಮಾಡಿದ್ದೇ ಆ ಶಪಥ. ಆಗ ಉರುಳಿದ್ದೇ ಆ ಚೊಂಬು.

ಮಾರನೇ ದಿನ ಸೊಸೆಯನ್ನು ಕರೆದುಕೊಂಡು ಮಳೆಕೋಟಿನ ಅಂಗಡಿಗೆ ದಂಡಯಾತ್ರೆ ಹೊರಟೆ. ಅಂಗಡಿಯವನು ಪಾಪ, ಒಳ್ಳೆ ಮನುಷ್ಯ. ಮೊದಲಿಗೇ ಒಂದು ಜೊತೆ ತೆಗೆದು ಹರವಿದ. ಮೇಲಕ್ಕೊಂದು ಕೋಟು, ಕಾಲಿಗೊಂದು ಪ್ಯಾಂಟು, ಬೂದು ಬಣ್ಣ.

"ಬೈಕಿಗೆ ಇದೇ ಬೆಸ್ಟು ಅಮ್ಮಾ. ಇಲ್ನೋಡಿ, ಕಂಕುಳ ಕೆಳಗೆ ಜಿಪ್ಪು. ಇದನ್ನ ತೆಗೆದ್ರೆ ಒಳಗೆ ಗಾಳಿ ಆಡುತ್ತೆ."

ನನಗೆ ನಗು ತಡೆಯಲಾಗಲಿಲ್ಲ. "ಏನಯ್ಯಾ, ಮಳೆಗೆ ಹೆದರಿ ಬಾಗಿಲು ಹಾಕ್ಕೊಂಡೋರು ಯಾರಾದ್ರೂ ಕಿಟಕಿ ತೆಗೆದಿಡ್ತಾರಾ? ಕಂಕುಳಲ್ಲಿ ಕಿಟಕಿ ಇಟ್ಟ ಕೋಟು! ತೆಗಿ ಆಚೆ!"

"ಅತ್ತೆ, ಅವರು ಹೇಳೋದನ್ನ ಸ್ವಲ್ಪ..."

"ನೀನು ಸುಮ್ಮನಿರೇ. ಜಿಪ್ಪಿನ ವಿಷಯ ನನಗೆ ಹೇಳ್ಕೊಡಬೇಡ."

ಎರಡನೇದು ಮಿರಮಿರ ಮಿಂಚೋ ಕೋಟು. ಅಂಗಡಿಯವನು ಅದನ್ನು ಹಾಕಿಕೊಂಡು ಠೀವಿಯಿಂದ ಆ ಕಡೆ ಈ ಕಡೆ ತಿರುಗಿ ತೋರಿಸಿದ.

"ನಿಂತ್ಕೊಂಡು ತೋರಿಸ್ತೀಯಲ್ಲ, ಬೈಕಲ್ಲಿ ನಿಂತ್ಕೊಂಡು ಹೋಗ್ತಾರೇನಯ್ಯಾ? ಕೂತು ತೋರಿಸು!"

ಸ್ಟೂಲಿನ ಮೇಲೆ ಕಾಲು ಅಗಲಿಸಿ ಕೂತ. ನಾನು ಮೂಲೆಯ ಬಕೆಟ್ಟಿನಿಂದ ಒಂದು ಮಗ್ಗು ನೀರು ತಂದು ಅವನ ಎದೆ ಮೇಲೆ ಸುರಿದೆ. ನೀರು ಜಾರಿತು, ಇಳಿಯಿತು, ಮಡಿಲಲ್ಲಿ ಬಂದು ಕೆರೆಯಾಗಿ ನಿಂತಿತು. ಆಮೇಲೆ ಅವನ ಮುಖವೇ ಹೇಳಿತು, ಹೊಲಿಗೆ ಎಲ್ಲಿ ಸೋರುತ್ತಿದೆ ಅಂತ.

"ನೋಡಿದ್ಯಾ! ಮಳೆ ಬರೋದು ತಲೆ ಮೇಲೆ, ನೆನೆಯೋದು ಕೂರೋ ಜಾಗ!"

ಮೂರನೇದು ತಲೆಯಿಂದ ಹಾಕಿಕೊಳ್ಳೋ ಚೀಲದಂಥದ್ದು. ಅದನ್ನೂ ಅವನಿಗೇ ಹಾಕಿಸಿ ಟೇಬಲ್ ಫ್ಯಾನಿನ ಮುಂದೆ ನಿಲ್ಲಿಸಿದೆ. ಮನುಷ್ಯ ಬೆಲೂನಾದ. ಅದರ ಅಂಚು ಹಾರಿ ಅವನ ಮುಖಕ್ಕೇ ಕವುಚಿಕೊಂಡಿತು. ಕಣ್ಣು ಕಾಣದೆ ಛತ್ರಿಗಳ ಸಾಲಿಗೆ ಹೋಗಿ ಬಿದ್ದ.

"ಅಮ್ಮಾ," ಅಂದ, ಛತ್ರಿಗಳ ನಡುವಿನಿಂದಲೇ, "ನಿಮಗೆ ಬೇಕಾದ ಕೋಟು ಈ ಲೋಕದಲ್ಲಿ ಇಲ್ಲ."

"ಇಲ್ಲದಿದ್ದರೆ ನಾನು ಹೊಲೀತೀನಿ!" ಅಂದುಬಿಟ್ಟೆ. ಸೊಸೆ ಹಣೆ ಚಚ್ಚಿಕೊಂಡಳು. ನನ್ನನ್ನು ಹೊರಗೆ ನಿಲ್ಲಿಸಿ, "ಒಂದು ನಿಮಿಷ ಅತ್ತೆ, ಬಿದ್ದ ಛತ್ರಿ ಎತ್ತಿಟ್ಟು ಬರ್ತೀನಿ," ಅಂತ ಮತ್ತೆ ಒಳಗೆ ಹೋದಳು. ತುಂಬ ಹೊತ್ತು ಎತ್ತಿಟ್ಟಳು.

ಮನೆಗೆ ಬಂದು ಯೋಚನೆಗೆ ಕೂತೆ. ಬೈಕಿನಲ್ಲಿ ಹಿಂದೆ ಕೂತವರು ಯಾಕೆ ನೆನೆಯುತ್ತಾರೆ? ಮುಂದಿನವರ ಬೆನ್ನ ಮೇಲೆ ಬಿದ್ದ ನೀರೆಲ್ಲ ಇಳಿದು ಹಿಂದಿನವರ ಮಡಿಲಿಗೆ ಬರುತ್ತದೆ. ಅಂದರೆ ತಪ್ಪು ಮಳೆಯದಲ್ಲ, ಇಬ್ಬರ ನಡುವಿನ ಸಂದಿನದು! ಆ ಸಂದನ್ನೇ ಮುಚ್ಚಿಬಿಟ್ಟರೆ? ಥಟ್ಟನೆ ತಲೆಯಲ್ಲಿ ದೀಪ ಹತ್ತಿತು. ಇಬ್ಬರಿಗೂ ಸೇರಿಸಿ ಒಂದೇ ಕೋಟು! ಒಂದೇ ಮೈ, ಎರಡು ಕತ್ತು!

ಹಾರ್ಡ್‌ವೇರ್ ಅಂಗಡಿಯಿಂದ ಲಾರಿಗೆ ಹೊದಿಸೋ ಮಂದ ಟಾರ್ಪಾಲು ತಂದೆ. ಮುಂದೊಂದು ಕಾಲರು, ಹಿಂದೊಂದು ಕಾಲರು. ತೋಳು ಮಾತ್ರ ಎರಡೇ, ಓಡಿಸೋಳಿಗೆ. ನನ್ನ ಕೈ ಒಳಗಿಂದಲೇ ಅವಳ ಸೊಂಟ ಹಿಡಿದಿರುತ್ತಲ್ಲ, ನನಗೆ ತೋಳು ಯಾಕೆ ದಂಡ! ಗಾಳಿಗೆ ಹಾರದ ಹಾಗೆ ಹೊಟ್ಟೆ ಹತ್ತಿರ ತಮಟೆಯಂತೆ ಬಿಗಿ. ಎಡಗಡೆ ಕಂಕುಳಿಂದ ಕೆಳಗಿನವರೆಗೆ ಹಳೇ ಹಾಸಿಗೆ ಕವರಿನ ಭಾರಿ ಜಿಪ್ಪು. ಟಾರ್ಪಾಲಿಗೆ ಚುಚ್ಚಿ ಚುಚ್ಚಿ ಮಿಷನ್ನಿನ ಸೂಜಿಗಳು ಪಟಪಟ ಹುತಾತ್ಮವಾದವು. ನಾನು ಜಗ್ಗಲಿಲ್ಲ.

ತೂಗುಹಾಕಿದಾಗ ಮಗ ಬಂದು ದಿಟ್ಟಿಸಿ ನೋಡಿದ. "ಇದೇನಮ್ಮಾ, ಡೇರೆ?"

"ಕೋಟು! ಅತ್ತೆ ಸೊಸೆ ಮಧ್ಯೆ ಸಂದಿದ್ದರೆ ತಾನೇ ನೀರು ನುಗ್ಗೋದು? ಸಂದೇ ಇಲ್ಲ ಈಗ!"

ಮಗ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯಾಚೆ ಆಕಾಶ ನೋಡಿದಳು, ಮಳೆ ಬಾರದಿರಲಿ ಅಂತ.

ಬಂತು! ಬೆಳಗ್ಗೆ ಎದ್ದರೆ ಆಕಾಶಕ್ಕೆ ತೂತು ಬಿದ್ದ ಹಾಗೆ ಸುರಿಯುತ್ತಿತ್ತು. ನಾನು ಕುಣಿದಾಡಿದೆ. ಸೊಸೆ ಲಿಫ್ಟ್ ಸಾಮಾನಿನ ಚೀಲ ಸೊಂಟಕ್ಕೆ ಕಟ್ಟಿಕೊಂಡಳು. ನಾನು ಬೆಂಕಿಪೊಟ್ಟಣ ಸಿಗಿಸಿಕೊಂಡೆ. ಬೈಕೇರಿ ಇಬ್ಬರೂ ಕೋಟಿಗೆ ತಲೆ ತೂರಿಸಿದೆವು. ಮಗ ಜಿಪ್ಪು ಎಳೆದು, ಇಬ್ಬರಿಗೂ ಹೆಲ್ಮೆಟ್ಟು ಹಾಕಿ, ನಾವು ಯುದ್ಧಕ್ಕೆ ಹೋಗುತ್ತಿರೋ ಹಾಗೆ ಕೈ ಬೀಸಿದ.

ಹೇಳ್ತೀನಿ ಕೇಳಿ, ಒಂದು ಹನಿ ಒಳಗೆ ಬಂದಿದ್ದರೆ ಕೇಳಿ! ಮಳೆ ಬಂತು, ಬಡಿಯಿತು, ಸೋತು ಇಳಿದುಹೋಯಿತು. ಟಾರ್ಪಾಲಿನ ಮೇಲೆ ಹನಿಗಳ ಸದ್ದು ನನಗೆ ಚಪ್ಪಾಳೆಯ ಹಾಗೆ ಕೇಳುತ್ತಿತ್ತು. ಅಕ್ಕಪಕ್ಕದ ಬೈಕಿನವರೆಲ್ಲ ತೊಯ್ದ ಕೋಳಿಗಳು. ನಾವು ಆನೆಯ ಹಾಗೆ ನಡುರಸ್ತೆಯಲ್ಲಿ!

"ಹೇಗಿದೆಯೇ?" ಅಂತ ಕೂಗಿದೆ.

"ಸೆಕೆ ಅತ್ತೆ!"

"ಸೆಕೆ ಅಲ್ಲ ಕಣೇ, ಬೆಚ್ಚಗಿದೆ ಅನ್ನು!"

ಅಷ್ಟರಲ್ಲಿ ನನ್ನ ಮೂಗು ಕೆರೆಯಲು ಶುರುವಾಯಿತು. ಕೈಗಳೆರಡೂ ಕೋಟಿನೊಳಗೆ. ಕತ್ತು ಹೊರಗೆ. ಮೂಗಿಗೂ ಕೈಗೂ ಮಧ್ಯೆ ನಾನೇ ಹೊಲಿದ ಗೋಡೆ! ಸಿಗ್ನಲ್ಲಿನವರೆಗೆ ಹಲ್ಲು ಕಚ್ಚಿ ತಡೆದೆ.

"ಅಮ್ಮಣ್ಣೀ, ಸ್ವಲ್ಪ ನನ್ನ ಮೂಗು ಕೆರಿಯೇ."

ಅವಳು ಹಿಂದಕ್ಕೆ ಕೈ ಚಾಚಿ ಮೊದಲು ನನ್ನ ಕಣ್ಣು ಕೆರೆದಳು, ಆಮೇಲೆ ಹಲ್ಲು. "ಇನ್ನೂ ಮೇಲೆ! ಬಲಕ್ಕೆ! ಹಾಂ!" ಪಕ್ಕದ ಬಸ್ಸಿನ ಕಿಟಕಿಗಳೆಲ್ಲ ತುಂಬಿಹೋದವು.

ಅದೇ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಫೋನು ಅವಳ ಪ್ಯಾಂಟಿನ ಜೇಬಿನಲ್ಲಿ. ಅವಳ ಕೈ ಹೊರಗೆ, ಜೇಬು ಒಳಗೆ. ಆದರೆ ಒಳಗೆ ನಾನಿದ್ದೀನಲ್ಲ! ತಡಕಾಡಿ ತೆಗೆದು, ಅವಳ ಕಾಲರಿನ ಸಂದಿನಿಂದ ಕೈ ತೂರಿಸಿ ಫೋನನ್ನು ಅವಳ ಹೆಲ್ಮೆಟ್ಟಿಗೆ ಹಿಡಿದೆ.

ಟ್ರಾಫಿಕ್ ಪೊಲೀಸಿನವನು ನೋಡಿದ. ಎರಡು ತಲೆ. ಹ್ಯಾಂಡಲ್ ಮೇಲೆ ಎರಡು ಕೈ. ಗದ್ದದ ಕೆಳಗಿನಿಂದ ಸುಕ್ಕುಗಟ್ಟಿದ ಮೂರನೇ ಕೈ! ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಮೆಲ್ಲಗೆ ಹತ್ತಿರ ಬಂದ.

"ಇದು... ಏನು ಇದು?"

"ನನ್ನ ಸೊಸೆ," ಅಂದೆ ನಾನು.

"ನಮ್ಮತ್ತೆ," ಅಂದಳು ಅವಳು.

ಅವನು ತನ್ನ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದ. ಇಬ್ಬರಿಗೂ ಹೆಲ್ಮೆಟ್ಟಿದೆ. ಇಬ್ಬರೇ ಕೂತಿದ್ದಾರೆ. ಕೈ ಜಾಸ್ತಿ ಇದ್ದರೆ ದಂಡ ಅಂತ ಎಲ್ಲೂ ಬರೆದಿಲ್ಲ. "ಬೇಗ ಮನೆ ಸೇರ್ಕೊಳ್ಳಿ ತಾಯಿ," ಅಂದು ಎದುರಿನ ವಾಹನಗಳನ್ನೆಲ್ಲ ನಿಲ್ಲಿಸಿ ನಮಗೊಬ್ಬರಿಗೇ ದಾರಿ ಬಿಟ್ಟ. ಅಲ್ಲ, ಇಬ್ಬರಿಗೆ.

ಫೋನು ಬಂದಿದ್ದು ಎಲ್ಲಿಂದ ಗೊತ್ತೇ? ನಮ್ಮ ಲಾಂಡ್ರಿ ಇರೋ ಕಟ್ಟಡದಿಂದಲೇ! ಮೇಲಿನ ಮನೆಗೆ ಇಸ್ತ್ರಿ ಬಟ್ಟೆ ಕೊಡಲು ಹೊರಟ ಲಾಂಡ್ರಿ ಮಾಲೀಕ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. "ಉಸಿರು ಕಟ್ತಿದೆ, ಬೇಗ ಬನ್ನಿ," ಅಂತ ಒಳಗಿಂದ ಗೋಳು.

ಕಟ್ಟಡದ ಮುಂದೆ ಬೈಕು ನಿಂತಿತು. ಸೊಸೆ ಎಡಗೈಯಿಂದ ಜಿಪ್ಪು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಟಾರ್ಪಾಲಿನ ಅಂಚು ಜಿಪ್ಪಿನ ಬಾಯಿಗೆ ಸಿಕ್ಕಿ, ಮೇಲೆ ಕೆಸರು ಮೆತ್ತಿ, ಅದು ಹಲ್ಲು ಕಚ್ಚಿ ಕೂತುಬಿಟ್ಟಿತ್ತು. ನಾನು ಒಳಗಿಂದ ಗುದ್ದಿದೆ. ಊಹೂಂ! ಊರಿನ ಜಿಪ್ಪುಗಳಿಗೆಲ್ಲ ಬುದ್ಧಿ ಕಲಿಸಿದವಳಿಗೆ ನಾನೇ ಹೊಲಿದ ಜಿಪ್ಪು ತಿರುಗಿಬಿದ್ದಿತ್ತು!

"ಅತ್ತೆ, ಚೀಲದಲ್ಲಿ ವೈರ್ ಕಟ್ಟರ್ ಇದೆ, ಕೊಡಿ."

"ಯಾತಕ್ಕೆ?"

"ಕೋಟು ಕತ್ತರಿಸೋದಕ್ಕೆ!"

"ಆಗಲ್ಲ!"

ಸಾಮಾನಿನ ಚೀಲ ಕೋಟಿನೊಳಗೆ, ಅಂದರೆ ನನ್ನ ರಾಜ್ಯದಲ್ಲಿ. ನಾನು ಕೊಟ್ಟರೆ ತಾನೇ! ಅವಳಿಗೆ ಕೋಪ ಬಂತು. ನನಗೂ ಬಂತು. ಮುನಿಸಿಕೊಂಡು ಮುಖ ತಿರುಗಿಸೋಣ ಅಂದರೆ ನನ್ನ ಕಾಲರು ಆ ಕಡೆ ತಿರುಗಲು ಬಿಡುವುದಿಲ್ಲ. ನನ್ನ ಕಣ್ಣ ಮುಂದೆ ಅವಳ ಹೆಲ್ಮೆಟ್ಟು ಬಿಟ್ಟರೆ ಬೇರೆ ಲೋಕವೇ ಇಲ್ಲ.

"ಅಲ್ಲಿ ಮನುಷ್ಯ ಸಿಕ್ಕಿಹಾಕ್ಕೊಂಡಿದಾನೆ ಅತ್ತೆ!"

"ಹಾಗಾದ್ರೆ ನಡಿ, ಹೀಗೇ ಹೋಗೋಣ!"

ಇಳಿದೆವು. ಅಂದರೆ, ಬೈಕಿನಿಂದ ಎಡಕ್ಕೆ ವಾಲಿ ಮೆಲ್ಲಗೆ ನೆಲ ಸೇರಿ ಎದ್ದೆವು. ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ನಮಗೆ ಮೀಸೆಯೇ ಇಲ್ಲ, ಇನ್ನೇನು ಮಣ್ಣಾಗಬೇಕು! ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ. ಆಮೇಲೆ "ಎಡ, ಬಲ, ಎಡ, ಬಲ" ಅಂತ ಹೇಳಿಕೊಂಡು ಹೆಜ್ಜೆ ಕೂಡಿಸಿದೆವು. ಮೆಟ್ಟಿಲಲ್ಲಿ ನನ್ನ ಮಂಡಿ ಮುಷ್ಕರ ಹೂಡಲಿಕ್ಕೂ ಬಿಡುವಿರಲಿಲ್ಲ. ಅವಳು ಒಂದು ಮೆಟ್ಟಿಲು ಹತ್ತಿದರೆ ನನ್ನ ಕತ್ತು ತಾನಾಗಿ ಹತ್ತುತ್ತಿತ್ತು. ಕತ್ತು ಹೋದ ಮೇಲೆ ಮಂಡಿ ಹೋಗದೆ ಎಲ್ಲಿಗೆ ಹೋದೀತು!

ಸೊಸೆ ಮೊದಲು ಲಿಫ್ಟಿನ ಕರೆಂಟು ಆರಿಸಿದಳು. ಮೊದಲ ಮಹಡಿಯ ಬಾಗಿಲ ಮುಂದೆ ನಿಂತು ಕೈ ಚಾಚಿದಳು.

"ಕೀ."

ಕೋಟಿನ ಅಂಚು ಎತ್ತಿ ನನ್ನ ಕೈ ಕೀ ಕೊಟ್ಟಿತು.

"ಟಾರ್ಚು."

ಕೊಟ್ಟಿತು.

"ದೊಡ್ಡ ಸ್ಕ್ರೂಡ್ರೈವರ್... ಅದಲ್ಲ ಅತ್ತೆ, ಹಳದಿ ಹಿಡಿ ಇರೋದು."

"ಕತ್ತಲಲ್ಲಿ ಹಳದಿ ಹೇಗೆ ಗೊತ್ತಾಗುತ್ತೆ? ದಪ್ಪದ್ದಾ ಸಣ್ಣದ್ದಾ ಹೇಳು!"

"ದಪ್ಪದ್ದು!"

ಆಪರೇಷನ್ ಮಾಡೋ ಡಾಕ್ಟರಿಗೆ ನರ್ಸು ಕತ್ತರಿ ಕೊಡೋ ಹಾಗೆ ಕೊಟ್ಟೆ! ಕಟ್ ಅಂತು, ಕಿರ್ ಅಂತು, ಬಾಗಿಲು ಸರಿಯಿತು. ಲಿಫ್ಟು ಮಹಡಿಗಿಂತ ಸ್ವಲ್ಪ ಕೆಳಗೆ ನಿಂತಿತ್ತು. ನಮ್ಮ ಮಾಲೀಕ ಇಸ್ತ್ರಿ ಬಟ್ಟೆ ಅಪ್ಪಿಕೊಂಡು ಮೇಲೆ ನೋಡಿದ. ಕತ್ತಲ ಕಾರಿಡಾರಿನಲ್ಲಿ ನೀರು ಸುರಿಸುತ್ತ ನಿಂತ ಎರಡು ತಲೆಯ ಭೂತ. ಹೊಟ್ಟೆಯಿಂದೊಂದು ಕೈ ಹೊರಬಂದು ಅವನನ್ನು "ಬಾ ಬಾ" ಅಂತ ಕರೆಯುತ್ತಿದೆ!

ಮನುಷ್ಯ ಒಳಗಿಂದಲೇ ಮತ್ತೆ ಬಾಗಿಲು ಎಳೆದುಕೊಂಡ.

"ಬಿಡಿಸೋದು ಬೇಡ! ನಾನಿಲ್ಲೇ ಇರ್ತೀನಿ!"

"ಅಯ್ಯೋ, ನಾನು ಕಣಯ್ಯಾ, ಜಿಪ್ಪಮ್ಮ!"

ಬಾಗಿಲು ಒಂದಿಷ್ಟು ಸರಿದು ಒಂದು ಕಣ್ಣು ಕಾಣಿಸಿತು. ಸೊಸೆ ಕೈಕೊಟ್ಟು ಎಳೆದಳು, ನಾನು ಕೆಳಗಿಂದ ಎರಡು ಕೈ ಕೊಟ್ಟೆ. ಒಟ್ಟು ನಾಲ್ಕು ಕೈ ಸೇರಿ ಅವನನ್ನು ಮೇಲಕ್ಕೆತ್ತಿದೆವು! ಅವನು ಒಂದು ಸುತ್ತು ನಮ್ಮ ಸುತ್ತ ಬಂದು ಟಾರ್ಪಾಲು ಮುಟ್ಟಿ ನೋಡಿ ಕೇಳಿದ:

"ಜಿಪ್ಪಮ್ಮಾ, ಇದು ಒಗೆಯೋದಕ್ಕಾ, ಇಸ್ತ್ರಿಗಾ?"

"ಬಿಚ್ಚೋದಕ್ಕೆ! ನನ್ನ ಮಿಷನ್ನಿನ ಡ್ರಾಯರಲ್ಲಿ ಮೇಣದ ಬತ್ತಿ ಇದೆ, ತಾ."

ಲಾಂಡ್ರಿಯಲ್ಲಿ ನಮ್ಮನ್ನು ನಿಲ್ಲಿಸಿ, ನಾನು ಹೇಳಿದ ಹಾಗೆ ಕೆಸರು ಒರೆಸಿ, ಮೇಣ ಉಜ್ಜಿ, ಸಿಕ್ಕ ಅಂಚನ್ನು ಚೂರುಚೂರೇ ಬಿಡಿಸಿದ. ಸರ್ರ್ ಅಂತ ಬಾಯಿ ಬಿಟ್ಟಿತು ನೋಡಿ ಜಿಪ್ಪು! ಒಳಗಿಂದ ಅನ್ನದ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು. ಸೊಸೆ ಹೊರಬಂದು ಫ್ಯಾನಿನ ಕೆಳಗೆ ನಿಂತಳು. ನಾನು ಹೊರಬಂದು ಜಯಘೋಷ ಮಾಡಿದೆ.

"ಒಂದು ಹನಿ! ಒಂದೇ ಒಂದು ಹನಿ ಮಳೆ ಒಳಗೆ ಬಂದಿದ್ದರೆ ಹೇಳೇ!"

"ಕಡ್ಡಿ ಗೀರಿ ಅತ್ತೆ."

ಸೊಂಟದಿಂದ ಪೊಟ್ಟಣ ತೆಗೆದೆ. ಕೈಗೆ ಮೆತ್ತಗೆ ಹತ್ತಿತು. ಕಡ್ಡಿ ಗೀರಿದೆ. ಸದ್ದಿಲ್ಲ. ಇನ್ನೊಂದು. ಅದರ ತಲೆ ಕಳಚಿ ಪೊಟ್ಟಣಕ್ಕೇ ಅಂಟಿತು. ಅಲ್ಲಿಯವರೆಗೆ ನಾನು ನನ್ನನ್ನು ನೋಡಿಕೊಂಡೇ ಇರಲಿಲ್ಲ. ಕುತ್ತಿಗೆಯಿಂದ ಕಾಲಿನವರೆಗೆ ಬೆವರಲ್ಲಿ ತೊಪ್ಪೆಯಾಗಿದ್ದೆ. ಬಟ್ಟೆ ಹಿಂಡಿದರೆ ಬಕೆಟ್ಟು ತುಂಬುತ್ತಿತ್ತು. ಹೊರಗಿನ ಮಳೆಯನ್ನು ತಡೆದ ಟಾರ್ಪಾಲು ಒಳಗೇ ಒಂದು ಮಳೆಗಾಲ ಸಾಕಿತ್ತು!

"ಇದು... ಮಳೆ ಅಲ್ಲ ಕಣೇ. ಇದು ನನ್ನ ಸ್ವಂತದ್ದು."

ಯಾರೂ ನಗಲಿಲ್ಲ. ನನ್ನ ಮಿಷನ್ನು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಅದರ ಮೇಲೆ ಗುಂಡಿ ಕಿತ್ತ ಅಂಗಿಯೊಂದು ಕಾದಿತ್ತು. ಇನ್ನು ಮಳೆ ನಿಲ್ಲೋವರೆಗೂ ಅದಕ್ಕೆ ಗುಂಡಿ ಹಚ್ಚೋರು ಯಾರು? ಮಾತು ಕೊಟ್ಟಿದ್ದೇನೆ, ಸೋತಿದ್ದೇನೆ. ಕತ್ತರಿ, ದಾರದುಂಡೆ ಎಲ್ಲ ಎತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

ಸೊಸೆ ಹೊರಗೆ ಹೋದಳು. ಬೈಕಿನ ಪಕ್ಕದ ಡಬ್ಬಿ ತೆಗೆದು ಒಂದು ಕವರು ತಂದು ನನ್ನ ಮಿಷನ್ನಿನ ಮೇಲಿಟ್ಟಳು. ಬೂದು ಬಣ್ಣ. ಮೇಲಕ್ಕೊಂದು ಕೋಟು, ಕಾಲಿಗೊಂದು ಪ್ಯಾಂಟು.

"ಇದು... ಆವತ್ತಿಂದು!"

"ಛತ್ರಿ ಎತ್ತಿಡೋಕೆ ಅಷ್ಟು ಹೊತ್ತು ಬೇಕಾ ಅತ್ತೆ?"

"ಇಷ್ಟು ದಿನ ಡಬ್ಬೀಲೇ ಇತ್ತಾ? ಈಗ ಬರೋವಾಗಲೂ?"

"ನಮ್ಮ ಜೊತೇಲೇ ಸವಾರಿ ಮಾಡ್ಕೊಂಡು ಬಂತು."

"ಮತ್ತೆ ಮೊದಲೇ ಯಾಕೆ ಕೊಡಲಿಲ್ವೇ?"

"ಕೊಟ್ಟಿದ್ರೆ ಹಾಕ್ಕೊಳ್ತಿದ್ರಾ?"

ನಾನು ಗಟ್ಟಿಯಾಗಿ ಯೋಚಿಸಿದೆ. ಸುಳ್ಳು ಹೇಳೋ ವಯಸ್ಸಲ್ಲ. "ಇಲ್ಲ."

"ಹಾಗಾದ್ರೆ ದಾರದುಂಡೆ ವಾಪಸ್ ಇಡಿ. ಇನ್ನೊಂದು ಮಳೆಗೆ ಇನ್ನೊಂದು ಪೊಟ್ಟಣ. ನೀವು ಹಿಂದೆ ಇಲ್ಲದಿದ್ರೆ ನನ್ನ ಬೆನ್ನಿಗೆ ಚಳಿ. ಆಮೇಲೆ, ಸಾಮಾನು ಕೊಡೋರು ಯಾರು?"

ಮುಂದಿನ ಮಳೆಗೂ ತುಂಬ ಕಾಯಬೇಕಾಗಲಿಲ್ಲ. ಕೋಟು ಅವಳಿಗೊಂದು, ನನಗೊಂದು. ಕಂಕುಳ ಕಿಟಕಿಯಿಂದ ತಣ್ಣಗೆ ಗಾಳಿ ಆಡಿತು. ನನ್ನ ಮೂಗನ್ನು ನಾನೇ ಕೆರೆದುಕೊಂಡೆ, ಬೇಕಿಲ್ಲದಿದ್ದರೂ! ಆ ಸಿಗ್ನಲ್ಲಿನ ಪೊಲೀಸಿನವನು ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ಕಂಡು, ಆಪರೇಷನ್ ಸುಸೂತ್ರವಾಯಿತು ಅನ್ನೋ ಹಾಗೆ ಕೈಮುಗಿದ. ಲಾಂಡ್ರಿಯಲ್ಲಿ ಮಾಲೀಕನೂ, ಬಟ್ಟೆ ಕೊಡಲು ಬಂದವರೂ ಸುತ್ತ ನೆರೆದು ನೋಡುತ್ತಿರುವಾಗ ಹೊಸ ಪೊಟ್ಟಣ ತೆಗೆದು ಗೀರಿದೆ.

ಚರ್ರ್! ಹೊತ್ತಿತು! ಆ ಬೆಳಕಿನಲ್ಲಿ ನನ್ನ ಸಿಂಹಾಸನ ಫಳಫಳ ಹೊಳೆದದ್ದು ನನಗೊಬ್ಬಳಿಗೇ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿ, "ಅಮ್ಮ ಗೆದ್ರು, ಬಸ್ಸಿನ ಮಾತು ಇನ್ನೆತ್ತಬೇಡಿ," ಅಂದಳು.

ನನ್ನೆದೆ ಉಬ್ಬಿ ಕೋಟು ಬಿಗಿಯಾಯಿತು. "ನೋಡಿಕೊಳ್ಳಿ ಎಲ್ಲರೂ! ಕೋಟು ಆರಿಸೋದಂದ್ರೆ ಹೀಗೆ! ಜಿಪ್ಪು ಗೊತ್ತಿದ್ದೋರು ಮಾತ್ರ ಆರಿಸೋಕಾಗೋದು!" ಅಂತ ಭಾಷಣ ಮಾಡುತ್ತ, ಕೋಟು ಬಿಚ್ಚಲು ಜಿಪ್ಪು ಎಳೆದೆ. ಸರ್ರನೆ ಬಂತು. ಆದರೆ ಕೋಟು ಬಿಚ್ಚಲಿಲ್ಲ. ಮೇಲಕ್ಕೆಳೆದೆ, ಕೆಳಕ್ಕೆಳೆದೆ. ಜಿಪ್ಪು ಓಡಾಡುತ್ತಿದೆ, ಕೋಟು ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ! ಹಣೆಯಲ್ಲಿ ಬೆವರು ಬಂತು.

"ಏಯ್, ಡ್ರಾಯರಿಂದ ಮೇಣದ ಬತ್ತಿ ತಗೊಂಬಾರೋ!" ಅಂತ ಮಾಲೀಕನಿಗೆ ಕೂಗಿದೆ.

ಸೊಸೆ ಬಂದು ಮೆಲ್ಲಗೆ ನನ್ನ ಕೈ ಹಿಡಿದುಕೊಂಡಳು.

"ಅತ್ತೆ, ನೀವು ಎಳೀತಿರೋದು ಕಿಟಕಿ. ಬಾಗಿಲು ಮುಂದುಗಡೆ ಇದೆ."